ಹದಿನೈದನೆಯ ಪಾಠ

ಕಲ್ಲುಗುಂಡಿಯ ಮೇದಪ್ಪ ಮಾಸ್ತರ ಮನೆಯಲ್ಲಿ ಶನಿವಾರ ಮಧ್ಯಾಹ್ನದ ಊಟ ನೆಟ್ಟಗೆ ಮುಗಿಯುತ್ತಿರಲಿಲ್ಲ. ಅದಕ್ಕೆ ಕಾರಣ ಅವರು ಶಾಲೆಯಲ್ಲಿ ಮಾಡುತ್ತಿದ್ದ ಒಂದು ಪಾಠ. ಏಳನೇ ತರಗತಿಗೆ ಶನಿವಾರದ ಕೊನೆಯ ಗಂಟೆ ಕಾರ್ಯಾನುಭವ. ಬೇರೆ ಶಾಲೆಗಳಲ್ಲಿ ಆ ಹೊತ್ತಿಗೆ ಮಕ್ಕಳು ಹಗ್ಗ ಹೊಸೆಯುತ್ತಿದ್ದರು, ಸೀಮೆಸುಣ್ಣ ಅಚ್ಚು ಹಾಕುತ್ತಿದ್ದರು, ಇಲ್ಲವೇ ಹೆಡ್ಮಾಸ್ತರ ಬಸಳೆ ಚಪ್ಪರಕ್ಕೆ ನೀರು ಹೊಯ್ಯುತ್ತಿದ್ದರು. ಮೇದಪ್ಪ ಮಾಸ್ತರು ಮಾತ್ರ ತಮ್ಮದೇ ಒಂದು ಪಾಠಕ್ರಮ ಕಟ್ಟಿಕೊಂಡಿದ್ದರು. ಹೈಸ್ಕೂಲಿಗೆ ಹೋಗುವ ಮಗು ಕಲಿತಿರಬೇಕಾದ ಹದಿನೈದು ಕೆಲಸಗಳು. ಒಂದೂ ಪುಸ್ತಕದಲ್ಲಿ ಇರಲಿಲ್ಲ, ಒಂದಕ್ಕೂ ಅಂಕ ಇರಲಿಲ್ಲ. ಹಳ್ಳಿಯಲ್ಲಿ ಏಳನೆಯ ತನಕ ಮೊದಲ ಸ್ಥಾನದಲ್ಲಿದ್ದ ಮಕ್ಕಳು ಸುಳ್ಯದ ಹೈಸ್ಕೂಲಿಗೆ ಹೋದಮೇಲೆ ಬಾಯಿ ಬಿಡಲಾರದೆ ಹಿಂದಿನ ಬೆಂಚಿನಲ್ಲಿ ಕೂತು ಹಾಳಾಗುತ್ತಾರೆ ಎಂಬುದು ಅವರ ವಾದ. ಅದು ಸುಳ್ಳಲ್ಲ.

ಅವರ ಮಗಳು ಊರ್ಮಿಳಾ ಅದೇ ತರಗತಿಯವಳು. ಹದಿಮೂರು ವರ್ಷ. ಬೆಳಿಗ್ಗೆ ಕಲಿತದ್ದನ್ನು ಮಧ್ಯಾಹ್ನ ಮನೆಯಲ್ಲಿ ಆಡಿ ತೋರಿಸದಿದ್ದರೆ ಅವಳಿಗೆ ಅನ್ನ ಇಳಿಯುತ್ತಿರಲಿಲ್ಲ.

"ನಾಲ್ಕನೇ ಪಾಠ," ಎಂದು ಅವಳು ಎಲೆಯ ಎದುರಿನಿಂದ ಎದ್ದು ನಿಂತಳು. ಎಂಬತ್ತೆರಡನೇ ಇಸವಿಯ ಜನವರಿ ಅದು. "ಅಜ್ಜಿ, ನೀವು ಕಂಡಕ್ಟರ್."

"ನಾನು ಯಾವ ಜನ್ಮದಲ್ಲಿ ಕಂಡಕ್ಟರ್ ಆದದ್ದು?" ಎಂದರೂ ಅಜ್ಜಿಗೆ ಖುಷಿಯೇ. ಸೊಂಟಕ್ಕೆ ಸಿಕ್ಕಿಸಿದ ವೀಳ್ಯದ ಚೀಲವನ್ನು ಮುಂದಕ್ಕೆ ತಂದುಕೊಂಡರು. "ಆಯ್ತು. ಟಿಕೇಟ್, ಟಿಕೇಟ್."

"ಈ ಬಸ್ಸು ಕಲ್ಲುಗುಂಡಿಯಲ್ಲಿ ನಿಲ್ಲುತ್ತದಾ?"

"ಇಲ್ಲ. ನೀನು ಹೇಳಿದಲ್ಲೆಲ್ಲ ನಿಲ್ಲಿಸ್ಲಿಕ್ಕೆ ಇದೆಂತ ನಿನ್ನ ಅಪ್ಪನ ಬಸ್ಸಾ?"

ಊರ್ಮಿಳಾ ನಗಲಿಲ್ಲ. ಪಾಠದ ನಡುವೆ ನಗುವಂತಿರಲಿಲ್ಲ. "ಹಾಗಾದರೆ ನಾನು ಹತ್ತುದಿಲ್ಲ. ಎಲ್ಲ ಕಡೆ ನಿಲ್ಲುವ ಲೈನ್ ಬಸ್ಸು ಎಷ್ಟು ಗಂಟೆಗೆ ಉಂಟು? ಇದು ಮಡಿಕೇರಿಗೆ ಹೋಗುವ ದೂರದ ಬಸ್ಸು. ಬೋರ್ಡು ನೋಡದೆ, ಕೇಳದೆ, ಗಡಿಬಿಡಿಯಲ್ಲಿ ಹತ್ತಬಾರದು. ಎಷ್ಟು ಮಳೆ ಬಂದರೂ ಹತ್ತಬಾರದು."

"ಬೇಸಿಗೆ ಬರುವ ಹೊತ್ತಿಗೆ ಎಂತ ಮಳೆ ನಿಂದು?" ಅಜ್ಜಿ ಕೇಳಿದರು.

"ಅಪ್ಪ ಹಾಗೇ ಹೇಳಿದ್ದು."

ಅವಳ ಅವ್ವ ಕಮಲಾವತಿ ಮೀನಿನ ಸಾರಿನ ಪಾತ್ರೆಯನ್ನು ಸ್ವಲ್ಪ ಜೋರಾಗಿಯೇ ಕೆಳಗಿಟ್ಟಳು. "ಕೂತು ಉಣ್ಣು. ಬಸ್ಸು ಹತ್ತುವ ಪಾಠ ಕಲಿತು ಎಲ್ಲಿಗೆ ಹೋಗ್ಲಿಕ್ಕುಂಟು ನಿಂಗೆ? ಏಳು ಸಾಕು ಅಂತ ಹೇಳಿ ಆಗಿದೆ."

"ಅಪ್ಪ ಕಳಿಸ್ತಾರೆ."

"ಅಪ್ಪ ಒಬ್ಬಳನ್ನು ಕಳಿಸಿ ಆಯ್ತು."

ಮೇದಪ್ಪ ಮಾಸ್ತರು ತಲೆ ಎತ್ತಲಿಲ್ಲ. ಅನ್ನ ಕಲಸುವ ಕೈ ಒಮ್ಮೆ ನಿಂತಿತು, ಮತ್ತೆ ಕಲಸಿತು.

ಕಳಿಸಿದ ಆ ಒಬ್ಬಳು ಹಿರಿಯವಳು, ಸೇವಂತಿ. ಇಡೀ ವಲಯಕ್ಕೇ ಮೊದಲ ಸ್ಥಾನದಲ್ಲಿ ಏಳನೆಯದು ಪಾಸು ಮಾಡಿ ಎಪ್ಪತ್ತೈದನೇ ಇಸವಿಯ ಜೂನಿನಲ್ಲಿ ಸುಳ್ಯದ ಹೈಸ್ಕೂಲಿಗೆ ಸೇರಿದ್ದಳು. ಜುಲೈ ತಿಂಗಳ ಒಂದು ಸಂಜೆ ಮನೆಗೆ ಬಂದಾಗ ಉಟ್ಟ ಲಂಗದಿಂದ ನೀರು ಸುರಿಯುತ್ತಿತ್ತು, ಹಲ್ಲು ಕಟಕಟ ಅನ್ನುತ್ತಿತ್ತು. ಮರುದಿನ ಜ್ವರ, ನಾಲ್ಕನೇ ದಿನ ಪುತ್ತೂರಿನ ಆಸ್ಪತ್ರೆ, ಹತ್ತನೇ ದಿನ ಎಲ್ಲ ಮುಗಿಯಿತು. ಊರ್ಮಿಳಾಗೆ ಆಗ ಆರು ವರ್ಷ. ಅವಳನ್ನು ನೋಡಿಕೊಳ್ಳಲು ಕಮಲಾವತಿ ಮನೆಯಲ್ಲೇ ಉಳಿದಿದ್ದಳು. ಆಸ್ಪತ್ರೆಯಲ್ಲಿ ಮಗಳ ಹತ್ತಿರ ಕೂತದ್ದು ಮೇದಪ್ಪ ಮಾಸ್ತರು. ಲೈನ್ ಬಸ್ಸು ತಪ್ಪಿತಂತೆ, ಯಾರದ್ದೋ ಜೀಪಿನಲ್ಲಿ ಅರಂತೋಡಿನವರೆಗೆ ಬಂದಳಂತೆ, ಅಲ್ಲಿಂದ ಮಳೆಯಲ್ಲಿ ನಡೆದಳಂತೆ ಎಂದು ಅವರು ಹೆಂಡತಿಗೆ ಹೇಳಿದ್ದರು. ಕಮಲಾವತಿ ಅದನ್ನೇ ನಂಬಿ ಏಳು ವರ್ಷ ಅತ್ತಳು. ಆ ಅಳುವಿಗೆ ಅವಳು ಒಗ್ಗಿಹೋಗಿದ್ದಳು.

ಈಗ ಕಿರಿಯವಳಿಗೆ ಹಿರಿಯವಳ ವಯಸ್ಸು ಬಂದಿತ್ತು. ಅವಳನ್ನು ಹೈಸ್ಕೂಲಿಗೆ ಕಳಿಸುವುದಿಲ್ಲ ಎಂದು ಕಮಲಾವತಿ ಗಟ್ಟಿ ಹೇಳಿಬಿಟ್ಟಿದ್ದಳು. ಊರ್ಮಿಳಾಗೆ ಓದು ಬಿಟ್ಟರೆ ಬೇರೆ ಆಸೆ ಇರಲಿಲ್ಲ. ಮನೆಯಲ್ಲಿ ಜಗಳ ಶುರುವಾಗಲು ಇಷ್ಟು ಸಾಕಾಯಿತು.

ಶನಿವಾರಗಳು ಬಂದವು, ಹೋದವು. ಐದನೇ ಪಾಠದಲ್ಲಿ ಊರ್ಮಿಳಾ ತನ್ನ ಹೆಸರು, ಅಪ್ಪನ ಹೆಸರು, ಊರು, ಅಂಚೆಯನ್ನು ಉಗುಳು ನುಂಗದೆ ಶುದ್ಧ ಕನ್ನಡದಲ್ಲಿ ಹೇಳಲು ಕಲಿತಳು. ಮನೆಯಲ್ಲಿ ಅರೆಭಾಷೆ, ಅಂಗಡಿಯಲ್ಲಿ ತುಳು ಆಡಿ ಬೆಳೆದ ಮಕ್ಕಳಿಗೆ ಅದು ಸುಲಭದ ಮಾತಲ್ಲ. ಆರನೆಯದರಲ್ಲಿ ಮೇಷ್ಟ್ರು ಓದಿ ಹೇಳುವಾಗಲೇ ಮುಖ್ಯವಾದದ್ದನ್ನು ಗುರುತು ಹಾಕಿಕೊಳ್ಳುವುದನ್ನು ಕಲಿತಳು. ಅಜ್ಜಿ ವೀಳ್ಯ ಜಗಿಯುತ್ತ ಯಾರದ್ದೋ ಮದುವೆಯ ಪುರಾಣ ಹೇಳಿದರೆ ಇವಳು ನಾಲ್ಕು ಸಾಲಿನಲ್ಲಿ ಬರೆದು ಓದುವಳು. "ಇಡೀ ಮದುವೆ ನಾಲ್ಕು ಸಾಲಾ? ಊಟದ್ದೇ ಬಿಟ್ಟಿದ್ದಿ," ಎಂದು ಅಜ್ಜಿ ಜಗಳ ತೆಗೆಯುವರು. ಕಮಲಾವತಿಯೂ ನಕ್ಕದ್ದುಂಟು.

ಏಳನೇ ಪಾಠದ ದಿನ ಕಮಲಾವತಿ ಕಡೆಯುವ ಕಲ್ಲಿನ ಮುಂದೆ ಕೂತು ತೆಂಗಿನಕಾಯಿ ಅರೆಯುತ್ತಿದ್ದಳು.

"ನಿನ್ನ ಸ್ಟಾಪು ದಾಟಿ ಬಸ್ಸು ಮುಂದೆ ಹೋದರೆ ಎಂತ ಮಾಡುದು?" ಊರ್ಮಿಳಾ ತನಗೆ ತಾನೇ ಪ್ರಶ್ನೆ ಹಾಕಿಕೊಂಡಳು. "ಸುಮ್ಮನೆ ಕೂರಬಾರದು. ಆಗಿಂದಾಗ ಎದ್ದು ಕೂಗಬೇಕು. ನಾಚಿಕೆ ಮಾಡಬಾರದು. ಕಂಡಕ್ಟರ್ ಬೈದರೆ ಬೈಸಿಕೊಳ್ಳುದು. ಅವ ನಡುದಾರಿಯಲ್ಲಿ ಇಳಿ ಅಂದರೆ ಇಳಿಯಬಾರದು. ಜನ ಇರುವ ಪೇಟೆ ಬಂದ ಮೇಲೆಯೇ ಇಳಿಯಬೇಕು. ಘಾಟಿಯಲ್ಲಿ ಇಳಿಯಲೇಬಾರದು."

ಕಮಲಾವತಿಯ ಕೈ ನಿಂತಿತು. "ಘಾಟಿ ಯಾಕೆ ಬಂತು? ಸುಳ್ಯದಿಂದ ನಮ್ಮ ಮನೆಗೆ ಬರುವಾಗ ಘಾಟಿ ಎಲ್ಲುಂಟು?"

"ಸ್ಟಾಪು ದಾಟಿದರೆ ಸಂಪಾಜೆ. ಅದೂ ದಾಟಿದರೆ ಘಾಟಿಯೇ ಅಲ್ವಾ ಅವ್ವಾ?"

"ಅಷ್ಟು ದೂರ ಹೋಗುವ ತನಕ ಬಾಯಿ ಬಿಡದ ಪೆದ್ದು ಯಾರುಂಟು?"

"ಅಪ್ಪನತ್ರ ನಾನೂ ಅದೇ ಕೇಳಿದೆ. ಅವರು ಹೊರಗೆ ಹೋಗಿ ಮುಖ ತೊಳೆದು ಬಂದರು."

ಆ ದಿನದಿಂದ ಕಮಲಾವತಿ ಪಾಠಗಳನ್ನು ಕಿವಿಗೊಟ್ಟು ಕೇಳತೊಡಗಿದಳು. ಪಾತ್ರೆ ತೊಳೆಯುವಾಗ, ಒಲೆ ಸಾರಿಸುವಾಗ, ಮಗಳ ತಲೆ ಬಾಚುವಾಗ ತಾನಾಗಿಯೇ ಕೇಳುವಳು: "ಈ ವಾರ ಎಂತ ಕಲಿಸಿದ್ದು?" ಒಬ್ಬಳೇ ನಡೆಯಬೇಕಾಗಿ ಬಂದರೆ ರಸ್ತೆಯ ಯಾವ ಬದಿ ಹಿಡಿಯಬೇಕು. ಎದುರಿನಿಂದ ಲಾರಿಯ ದೀಪ ಬಂದರೆ ಚರಂಡಿಗೆ ಇಳಿಯದೆ ಎಲ್ಲಿ ನಿಲ್ಲಬೇಕು. ಪುಸ್ತಕದ ಚೀಲ ಒದ್ದೆಯಾದರೆ ಪುಸ್ತಕ ಹೋಗಲಿ, ತಲೆ ಮೊದಲು ಮುಚ್ಚಿಕೊಳ್ಳಬೇಕು. ಇದು ಯಾವುದೋ ಮಕ್ಕಳಿಗೆ ಹೇಳುವ ಬುದ್ಧಿಮಾತಲ್ಲ, ಯಾರೋ ಒಬ್ಬಳು ನಡೆದ ದಾರಿ ಎಂದು ಅವಳಿಗೆ ಅನ್ನಿಸತೊಡಗಿತು. ಆ ಒಬ್ಬಳ ಹೆಸರನ್ನು ಮನಸ್ಸಿನಲ್ಲೂ ಹೇಳಿಕೊಳ್ಳಲು ಅವಳಿಗೆ ಧೈರ್ಯ ಬರಲಿಲ್ಲ.

ಮಾರ್ಚಿನಲ್ಲಿ ಶಾಲೆ ತಪಾಸಣೆಗೆ ಬಂದ ಇನ್‌ಸ್ಪೆಕ್ಟರ್ ಸರ್ವೋತ್ತಮ ರೈಗಳು ಮಾಸ್ತರ ಮನೆಯಲ್ಲಿ ಊಟಕ್ಕೆ ಕೂತರು. ಕೋಳಿ ಸಾರು, ರೊಟ್ಟಿ. ಒಳ್ಳೆಯ ಮನುಷ್ಯ, ಒಳ್ಳೆಯ ಹಸಿವು.

"ನಿಮ್ಮ ಮಕ್ಕಳು ನನ್ನ ಕಣ್ಣು ನೋಡಿ ಮಾತಾಡಿದರು ಮಾರಾಯ್ರೆ," ಎಂದರು. "ಇಪ್ಪತ್ತು ವರ್ಷದ ಸರ್ವೀಸಿನಲ್ಲಿ ನಾನು ಇದನ್ನು ನೋಡ್ಲಿಲ್ಲ. ಮುಂದಿನ ತಿಂಗಳು ಪುತ್ತೂರಿನಲ್ಲಿ ಅಧ್ಯಾಪಕರ ಸಭೆ ಉಂಟು. ನೀವು ಈ ಹದಿನೈದು ಪಾಠದ ಬಗ್ಗೆ ಹೇಳಬೇಕು. ಎಲ್ಲ ಶಾಲೆಗೂ ಇದು ಹೋಗಲಿ. ಅಲ್ಲ, ಇದೆಲ್ಲ ನಿಮ್ಮ ತಲೆಗೆ ಹೇಗೆ ಬಂತು?"

ಮಾಸ್ತರು ಲೋಟದ ನೀರು ಕುಡಿದರು. "ಹೀಗೇ ಬಂತು ಸಾರ್."

"ಹೀಗೇ ಎಂತ?" ಎಂದರು ಅಜ್ಜಿ ಬಾಗಿಲ ಸಂದಿಯಿಂದ. "ದೊಡ್ಡ ಮಗಳು ಹೋದ ಮೇಲೆ ಹಿಡಿದ ಮರುಳು ಇವನದ್ದು. ಆಸ್ಪತ್ರೆಯಿಂದ ಬಂದವ ಮೂರು ದಿನ ಅನ್ನ ಮುಟ್ಟದೆ ಬರೆದ, ಬರೆದ, ಬರೆದ."

"ಅವ್ವಾ, ಸುಮ್ಮನಿರಿ," ಎಂದರು ಮಾಸ್ತರು.

ರೈಗಳು ಮತ್ತೆ ರೊಟ್ಟಿ ಮುರಿಯಲಿಲ್ಲ. ಬಡಿಸುತ್ತಿದ್ದ ಕಮಲಾವತಿ ಸೌಟು ಹಿಡಿದುಕೊಂಡೇ ಗಂಡನನ್ನು ನೋಡಿದಳು. ಮೂರು ದಿನ ಆ ಮನುಷ್ಯ ಶ್ರಾದ್ಧದ ಖರ್ಚಿನ ಲೆಕ್ಕ ಬರೆಯುತ್ತಿದ್ದಾನೆ ಎಂದು ಅವಳು ಆಗ ತಿಳಿದಿದ್ದಳು.

ಆ ಭಾನುವಾರ ಮಾಸ್ತರು ಸೊಸೈಟಿಗೆ ಸಕ್ಕರೆ ತರಲು ಹೋಗಿದ್ದರು. ಕಮಲಾವತಿ ಬೇಯಿಸಿದ ಭತ್ತವನ್ನು ಅಂಗಳದ ಚಾಪೆಯಲ್ಲಿ ಹರವಿ, ಒಳಗೆ ಹೋಗಿ ಗಂಡನ ಮೇಜಿನಿಂದ ನೋಟ್‌ಪುಸ್ತಕ ತಂದಳು. ಅವಳು ಓದಿದ್ದು ನಾಲ್ಕನೆಯವರೆಗೆ. ಬೆರಳಿಟ್ಟು, ಅಕ್ಷರ ಕೂಡಿಸಿ, ಒಂದು ಸಾಲು ಓದಿ, ಒಂದು ಸುತ್ತು ಭತ್ತವನ್ನು ಕಾಲಲ್ಲಿ ಕೆದಕಿ, ಮತ್ತೆ ಬಂದು ಓದಿದಳು. ಹೀಗೆ ಹದಿನಾಲ್ಕು ಪಾಠ ಮುಗಿಯಲು ಬಿಸಿಲು ನೆತ್ತಿಗೆ ಬಂತು. ಹದಿನೈದನೆಯದಕ್ಕೆ ತಲೆಬರಹ ಮಾತ್ರ ಇತ್ತು. 'ಬೇರೆಯವರ ಮನೆ.' ಕೆಳಗೆ ಇಡೀ ಪುಟ ಖಾಲಿ.

ಮಾಸ್ತರು ಸಕ್ಕರೆ ಚೀಲ ಹಿಡಿದುಕೊಂಡು ಅಂಗಳಕ್ಕೆ ಬಂದಾಗ ಅವಳು ಚಾಪೆಯ ಪಕ್ಕದಲ್ಲಿ ನಿಂತಿದ್ದಳು.

"ಇದು ಪಾಠ ಅಲ್ಲ," ಎಂದಳು. "ಇದು ನನ್ನ ಸೇವುವಿನ ಆ ದಿನ."

ಅವರು ಸಕ್ಕರೆ ಚೀಲವನ್ನು ಜಗಲಿಯಲ್ಲಿಟ್ಟರು.

"ಅರಂತೋಡಿನಿಂದ ನಡೆದಳು ಅಂದಿರಿ. ಸುಳ್ಳು. ಅವಳು ಘಾಟಿಯಿಂದ ನಡೆದದ್ದು. ಹೌದಾ ಅಲ್ವಾ?"

"ಹೌದು."

"ಆಸ್ಪತ್ರೆಯಲ್ಲಿ ಹೇಳಿದಳಾ?"

"ಹೇಳಿದಳು. ಜ್ವರ ಇಳಿದಾಗೆಲ್ಲ ಹೇಳುತ್ತಿದ್ದಳು." ಮಾಸ್ತರು ಜಗಲಿಯಲ್ಲಿ ಕೂತರು. "ಸ್ಪೆಷಲ್ ಕ್ಲಾಸು ಮುಗಿದು ಲೈನ್ ಬಸ್ಸು ತಪ್ಪಿತು. ಮಳೆಗೆ ಸಿಕ್ಕಿದ ಬಸ್ಸು ಹತ್ತಿದಳು. ಕಲ್ಲುಗುಂಡಿ ದಾಟುವಾಗ ಎದ್ದು ನಿಂತಳಂತೆ, ಸ್ವರ ಬರಲಿಲ್ಲವಂತೆ. ಘಾಟಿ ಹತ್ತುವಾಗ ಅಳುದು ಕಂಡು ಕಂಡಕ್ಟರ್ ಬೈದು ಇಳಿಸಿದ. ನನ್ನ ಮಗಳು, ಮುನ್ನೂರು ಶ್ಲೋಕ ಬಾಯಿಪಾಠ ಹೇಳುವ ಹುಡುಗಿ, ಬಸ್ಸು ನಿಲ್ಲಿಸಿ ಅಂತ ಹೇಳ್ಲಿಕ್ಕೆ ಆಗಲಿಲ್ಲ. ನಾನು ಕಲಿಸಿದ್ದೇ ಹಾಗಲ್ವಾ? ಕೇಳಿದ್ದಕ್ಕೆ ಮಾತ್ರ ಉತ್ತರ ಹೇಳು, ಇಲ್ಲದಿದ್ದರೆ ಬಾಯಿ ಮುಚ್ಚಿ ಕೂರು ಅಂತ."

"ಏಳು ವರ್ಷ ನನ್ನತ್ರ ಹೇಳದೆ ಊರಿನ ಮಕ್ಕಳಿಗೆಲ್ಲ ಹೇಳಿದಿರಿ! ವರ್ಷ ವರ್ಷ ಮೂವತ್ತು ಮಕ್ಕಳನ್ನು ಅವಳ ಹಾಗೆ ಬಸ್ಸು ಹತ್ತಿಸಿ, ಇಳಿಸಿ! ನಾನು ಅವಳ ಅವ್ವ ಅಲ್ವಾ? ನನಗೆ ಯಾಕೆ ಹೇಳಲಿಲ್ಲ?"

"ಹೇಳಬಾರದು ಅಂತ ಹೇಳಲಿಲ್ಲ."

"ಹದಿನೈದನೆಯದ್ದು ಎಂತ?"

"ಅದು ಬರೀಲಿಕ್ಕೆ ಆಗಲಿಲ್ಲ."

"ಬರೆಯುದು ಬೇಡ. ಬಾಯಲ್ಲಿ ಹೇಳಿ."

"ಬೇಡ ಕಮಲಾ."

"ಹೇಳದಿದ್ದರೆ ನಾನು ಇವತ್ತೇ ತವರಿಗೆ ಹೋಗುದು. ಈ ಭತ್ತ ಹೀಗೇ ಕೊಳೆಯಲಿ."

ಅಜ್ಜಿ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತಿದ್ದರು. ಮಾಸ್ತರು ತಾಯಿಯನ್ನು ನೋಡಿದರು, ಹೆಂಡತಿಯನ್ನು ನೋಡಿದರು, ಕೊನೆಗೆ ಚಾಪೆಯ ಭತ್ತವನ್ನು ನೋಡುತ್ತ ಹೇಳಿದರು.

"ಘಾಟಿಯ ಬುಡದಲ್ಲಿ ರಸ್ತೆಬದಿಗೆ ಬ್ಯಾರಿಗಳದ್ದು ಒಂದು ಮನೆ ಉಂಟು. ಪೋಕರ್ ಅಂತ, ಚಾದ ಅಂಗಡಿಯವ. ಅವನ ಹೆಂಡತಿ ಅಲೀಮಮ್ಮ ಇವಳನ್ನು ಕಂಡು ಒಳಗೆ ಕರೆದಳು. ಒಣ ಬಟ್ಟೆ ಕೊಡ್ತೇನೆ, ಬಿಸಿ ಚಾ ಕುಡಿ, ಮಳೆ ಬಿಟ್ಟ ಮೇಲೆ ಗಂಡಸರು ಮನೆಗೆ ಮುಟ್ಟಿಸ್ತಾರೆ ಅಂತ. ಇವಳು ಒಳಗೆ ಹೋಗಲಿಲ್ಲ. ಒಂದು ಗುಟುಕು ನೀರೂ ಕುಡೀಲಿಲ್ಲ."

"ಯಾಕೆ?"

ಮಾಸ್ತರು ಹೇಳಬೇಕಾಗಿಯೇ ಇರಲಿಲ್ಲ. ಕಮಲಾವತಿಯ ಮುಖ ನಿಧಾನವಾಗಿ ಬದಲಾಗುತ್ತಿತ್ತು.

ಹೈಸ್ಕೂಲಿನ ಮೊದಲ ದಿನ ಬೆಳಿಗ್ಗೆ, ಹೊಸ ಲಂಗ ಉಟ್ಟ ಮಗಳನ್ನು ಹಿತ್ತಲಿನ ಗುಳಿಗ ದೈವದ ಕಲ್ಲಿನ ಮುಂದೆ ನಿಲ್ಲಿಸಿ ಅವಳೇ ಆಣೆ ಹಾಕಿಸಿದ್ದಳು. ಪೇಟೆಗೆ ಹೋಗುವವಳು, ಯಾರ್ಯಾರದೋ ಜೊತೆ ಕೂರುವವಳು. ಜಾತಿಯಲ್ಲದವರ ಮನೆಯ ಹೊಸ್ತಿಲು ದಾಟುವುದಿಲ್ಲ, ನೀರು ಮುಟ್ಟುವುದಿಲ್ಲ, ದಾಟಿದರೆ ಗುಳಿಗ ನೋಡಿಕೊಳ್ಳಲಿ ಎಂದು ಕಲ್ಲು ಮುಟ್ಟಿಸಿ ಹೇಳಿಸಿದ್ದಳು. ಅವಳ ತಾಯಿ ಅವಳಿಗೂ ಹಾಗೇ ಹೇಳಿಸಿದ್ದರು. ಆಗಿನ ಮನೆಗಳಲ್ಲಿ ಇದೊಂದು ದೊಡ್ಡ ಸಂಗತಿಯೇ ಆಗಿರಲಿಲ್ಲ. ಹೆಚ್ಚಿನ ಮಕ್ಕಳು ಆಣೆ ಹಾಕಿ, ಪೇಟೆಗೆ ಹೋಗಿ, ಸಿಕ್ಕಿದ್ದು ತಿಂದು, ಬಾಯಿ ಒರೆಸಿಕೊಂಡು ಬರುತ್ತಿದ್ದರು. ಸೇವಂತಿ ಹೇಳಿದ ಮಾತು ಕೇಳುವ ಹುಡುಗಿ.

"ಇದನ್ನು ನಿನ್ನತ್ರ ಹೇಗೆ ಹೇಳುದು?" ಎಂದರು ಮಾಸ್ತರು. "ನನ್ನ ತಪ್ಪಿಗೆ ಹದಿನಾಲ್ಕು ಪಾಠ ಬರೆದೆ. ಇದನ್ನು ಬರೆದರೆ ನೀನು ಓದ್ತಿ ಅಂತ ಬಿಟ್ಟೆ."

ಕಮಲಾವತಿ ಕೂಗಲಿಲ್ಲ, ಎದೆ ಬಡಿದುಕೊಳ್ಳಲಿಲ್ಲ. ಚಾಪೆಯ ಮೇಲೆ ನಡೆದು ಭತ್ತ ಕೆದಕತೊಡಗಿದಳು. ಒಂದು ಸುತ್ತು, ಎರಡು ಸುತ್ತು, ಹತ್ತು ಸುತ್ತು. ಅಜ್ಜಿ ಬಂದು ಕೈ ಹಿಡಿದು ನಿಲ್ಲಿಸಬೇಕಾಯಿತು.

"ಅತ್ತೆ," ಎಂದಳು ಆಗ, "ಆಟಿ ತಿಂಗಳಲ್ಲಿ, ಸತ್ತವರಿಗೆ ಎಲೆ ಹಾಕುವಾಗ ಏಳು ವರ್ಷದಿಂದ ಅವಳಿಗೂ ಬಡಿಸಿದೆವಲ್ಲ. ಬಂದು ಉಣ್ಣಲಿ ಅಂತ ಬಾಗಿಲು ಮುಚ್ಚಿ ಕಾದೆವಲ್ಲ. ಅವಳು ಒಳಗೆ ಬಂದಿರ್ತಾಳಾ? ಹೊರಗೇ ನಿಂತಿದ್ದಾಳಾ?"

"ನಮ್ಮ ಮನೆ ಅಲ್ವಾ, ಬಾರದೆ ಎಲ್ಲಿ ಹೋಗ್ತಾಳೆ?" ಎಂದರು ಅಜ್ಜಿ. ಆದರೆ ಅವರ ಸ್ವರದಲ್ಲಿ ಗಟ್ಟಿತನ ಇರಲಿಲ್ಲ.

ಆಮೇಲಿನ ಹತ್ತು ವಾರ ಆ ಮನೆ ಹೇಗಿತ್ತೆಂದು ಹೇಳುವುದೇ ಕಷ್ಟ. ಕಮಲಾವತಿ ಹೊತ್ತು ಹೊತ್ತಿಗೆ ಬೇಯಿಸಿದಳು, ಬಡಿಸಿದಳು, ಗಂಡನೊಡನೆ ಒಂದು ಮಾತೂ ಆಡಲಿಲ್ಲ. ಜಗಲಿಯ ಅಂಚಿಗೆ, ಸೂರಿನ ನೀರು ಬೀಳುವ ಜಾಗಕ್ಕೆ ಅವಳು ನೋಡುವುದನ್ನು ಬಿಟ್ಟಳು. ನೋಡಿದರೆ ಅಲ್ಲಿ ಯಾರೋ ನಿಂತ ಹಾಗೆ ಕಾಣುತ್ತಿತ್ತು. ಬೇಸಿಗೆಯ ಬಿಸಿಲಿನಲ್ಲಿ, ಹಗಲು ಹನ್ನೆರಡಕ್ಕೆ, ಒದ್ದೆ ಲಂಗ. ಅಂಗಳ ಗುಡಿಸುವಾಗ ಆ ಒಂದು ಮೊಳ ಜಾಗ ಬಿಟ್ಟೇ ಗುಡಿಸುತ್ತಿದ್ದಳು. ಅಲ್ಲಿ ತರಗೆಲೆ ಬಿದ್ದು ಸಾಲಾಗಿ ನಿಂತಿತು. ಅಜ್ಜಿ ಅದನ್ನು ಕಂಡರು, ಯಾಕೆಂದು ಕೇಳಲಿಲ್ಲ.

ಮಾಸ್ತರು ಪುತ್ತೂರಿನ ಸಭೆಗೆ ಮೈಗೆ ಹುಷಾರಿಲ್ಲ ಎಂದು ಕಾಗದ ಹಾಕಿದರು. ಶನಿವಾರದ ಪಾಠವೂ ನಿಂತಿತು. ಮಕ್ಕಳ ಕೈಗೆ ತೆಂಗಿನ ನಾರು ಕೊಟ್ಟು ಹಗ್ಗ ಹೊಸೆಯಲು ಹೇಳಿ, ಕಿಟಕಿಯ ಹತ್ತಿರ ಕೂತುಬಿಡುತ್ತಿದ್ದರು. ಊರ್ಮಿಳಾ ಪಬ್ಲಿಕ್ ಪರೀಕ್ಷೆ ಬರೆದಳು. ಮೇ ತಿಂಗಳಲ್ಲಿ ಫಲಿತಾಂಶ ಬಂತು. ಮೊದಲ ದರ್ಜೆ. ಮನೆಯಲ್ಲಿ ಯಾರೂ ಪಾಯಸ ಮಾಡಲಿಲ್ಲ. ಪಾಸಾದವಳು ಒಲೆಯ ಹತ್ತಿರ ಕೂತು ತಾನೇ ಒಂದು ತುಂಡು ಬೆಲ್ಲ ತಿಂದಳು.

"ಅವ್ವಾ, ಹೈಸ್ಕೂಲಿಗೆ ಅರ್ಜಿ ಕೊಡ್ಲಿಕ್ಕೆ ಇನ್ನು ಎಂಟು ದಿನ ಉಂಟು," ಎಂದಳು ಮರುದಿನ ಊಟಕ್ಕೆ ಕೂತಾಗ. "ಅಪ್ಪ ಎಂತದೂ ಹೇಳುದಿಲ್ಲ. ನೀನೂ ಹೇಳುದಿಲ್ಲ. ಹದಿನೈದು ಪಾಠ ಅಂತ ಹೇಳಿ ಹದಿನಾಲ್ಕಕ್ಕೇ ನಿಲ್ಲಿಸಿಬಿಟ್ಟರು. ಅಕ್ಕ ಸತ್ತದ್ದು ನನಗೂ ಬೇಸರ ಉಂಟು. ಹಾಗಂತ ನಾನೂ ಸತ್ತ ಹಾಗೆ ಇರ್ಬೇಕಾ?"

"ಏ, ಬಾಯಿ ಮುಚ್ಚು!" ಅಜ್ಜಿ ಗದರಿದರು.

"ಅವಳ ಬಾಯಿ ಮುಚ್ಚಿಸಬೇಡಿ ಅತ್ತೆ," ಎಂದಳು ಕಮಲಾವತಿ. ಹತ್ತು ವಾರದ ಮೇಲೆ ಮೊದಲ ಸಲ ಗಂಡನ ಕಡೆ ತಿರುಗಿದಳು. "ಹದಿನೈದನೆಯದ್ದು ನೀವು ಕಲಿಸುದು ಬೇಡ. ನಾನು ಆ ಮನೆಗೇ ಕರ್ಕೊಂಡು ಹೋಗಿ ಕಲಿಸ್ತೇನೆ."

ಮಾಸ್ತರು ಎಲೆಯಿಂದ ಕೈ ತೆಗೆದರು. "ನಾನೂ ಬರ್ಲಾ?"

"ಬೇಡ."

"ಒಂದು ಸಲ ಬಸ್ಸಿನಲ್ಲಿ ಅಲ್ಲಿಯವರೆಗೆ ಹೋಗಿದ್ದೆ. ಇಳಿಯಲಿಕ್ಕೆ ಕಾಲು ಬರಲಿಲ್ಲ."

"ನೀವು ಉಣ್ಣಿ," ಎಂದಳು ಅವಳು, ಮತ್ತು ಅವರ ಎಲೆಗೆ ಇನ್ನೊಂದು ಸೌಟು ಅನ್ನ ಹಾಕಿದಳು.

ಮಾರನೇ ದಿನ ಬೆಳಿಗ್ಗೆ ತಾಯಿ ಮಗಳು ರಸ್ತೆಗೆ ಬಂದು ನಿಂತರು. ಎಲ್ಲಿ ಇಳಿಯಬೇಕೆಂದು ಕಮಲಾವತಿ ದಾರಿಯಲ್ಲೇ ಮಗಳಿಗೆ ಹೇಳಿದ್ದಳು. ಮಡಿಕೇರಿ ಕಡೆಯ ಬಸ್ಸಿನ ಕಂಡಕ್ಟರ್ ಧರ್ಮಪಾಲ ಬಾಗಿಲಲ್ಲಿ ನೇತಾಡುತ್ತ "ಎಲ್ಲಿಗೆ, ಎಲ್ಲಿಗೆ?" ಎಂದ. ಕಮಲಾವತಿ ಬಾಯಿ ತೆರೆದಳು. ಮಾತು ಬರಲಿಲ್ಲ. ನಲವತ್ತು ವರ್ಷದ ಹೆಂಗಸು, ಒಬ್ಬಳೇ ಬಸ್ಸು ಹತ್ತಿದವಳಲ್ಲ, ಅನ್ಯರೊಡನೆ ಕನ್ನಡದಲ್ಲಿ ಮಾತಾಡಿದವಳಲ್ಲ. ಎದ್ದು ನಿಂತಳಂತೆ, ಸ್ವರ ಬರಲಿಲ್ಲವಂತೆ. ಗಂಡ ಹೇಳಿದ ಆ ಮಾತು ಅವಳಿಗೆ ಈಗ ಗಂಟಲಲ್ಲೇ ಅರ್ಥವಾಯಿತು.

"ಸಂಪಾಜೆ ದಾಟಿ, ಘಾಟಿಯ ಬುಡದಲ್ಲಿ ಪೋಕರ್ ಬ್ಯಾರಿಯವರ ಮನೆ ಹತ್ತಿರ ನಿಲ್ಲಿಸ್ತೀರಾ?" ಎಂದು ಊರ್ಮಿಳಾ ಕೇಳಿದಳು. ಕಂಡಕ್ಟರನ ಕಣ್ಣು ನೋಡಿಯೇ ಕೇಳಿದಳು.

"ಅಲ್ಲಿ ಸ್ಟಾಪಿಲ್ಲ ಮಗಾ."

"ಗೊತ್ತುಂಟು. ಅವ್ವ ಇದ್ದಾರೆ, ಹಗಲು ಉಂಟು. ಅರ್ಧ ನಿಮಿಷ ನಿಲ್ಲಿಸಿದರೆ ಸಾಕು."

ಧರ್ಮಪಾಲ ನಕ್ಕು ಎರಡು ಟಿಕೇಟು ಹರಿದ.

ಪೋಕರ್ ಬ್ಯಾರಿ ಅಂಗಡಿಯಲ್ಲಿದ್ದರು. ಮನೆಯ ಜಗಲಿಯಲ್ಲಿ ಅಲೀಮಮ್ಮ ಅಕ್ಕಿ ಆರಿಸುತ್ತಿದ್ದರು. ಐವತ್ತು ದಾಟಿದ ಹೆಂಗಸು, ತಲೆಗೆ ಬಿಳಿ ಬಟ್ಟೆ. ಅಂಗಳಕ್ಕೆ ಬಂದವರನ್ನು ನೋಡಿ ಏಳಲು ಹೋದವರು ಊರ್ಮಿಳಾಳ ಮುಖ ಕಂಡು ಹಾಗೆಯೇ ನಿಂತುಬಿಟ್ಟರು. ಗೆರಸೆಯ ಅಕ್ಕಿ ಒಂದು ಬದಿಗೆ ಜಾರಿತು.

"ನಾನು ಕಲ್ಲುಗುಂಡಿ ಮಾಸ್ತರ ಹೆಂಡತಿ," ಎಂದಳು ಕಮಲಾವತಿ.

"ಹೇಳುದು ಬೇಡ. ಅದೇ ಮುಖ." ಅಲೀಮಮ್ಮ ಊರ್ಮಿಳಾಳನ್ನೇ ನೋಡುತ್ತಿದ್ದರು. "ತಂಗಿಯಾ?"

"ಹೌದು."

ರಸ್ತೆಯಲ್ಲಿ ಮರದ ಲಾರಿಯೊಂದು ಏದುಸಿರು ಬಿಡುತ್ತ ಘಾಟಿ ಹತ್ತಿತು.

"ಆ ಮಗು ಅಲ್ಲಿ ನಿಂತಿತ್ತು," ಎಂದು ಅಲೀಮಮ್ಮ ಸೂರಿನ ಕೆಳಗೆ ಕೈ ತೋರಿಸಿದರು. "ಸೂರಿನ ನೀರು ಹೆಗಲಿಗೆ ಬೀಳ್ತಾ ಇತ್ತು. ಒಂದು ಹೆಜ್ಜೆ ಈಚೆ ಬಾ ಅಂದೆ, ಬರಲಿಲ್ಲ. ಚಾ ತಂದು ಕೊಟ್ಟ ಕೈ ಹಾಗೇ ಇತ್ತು, ತಗೊಳ್ಳಲಿಲ್ಲ. ಆಣೆ ಉಂಟು ಅಂತ ಹೇಳಿತು. ಕೈ ಹಿಡಿದು ಎಳೀಬೇಕಿತ್ತು ನಾನು. ಎಳೀಲಿಕ್ಕೆ ಕೈ ಮುಂದೆ ಹೋಗಿತ್ತು. ಮುಟ್ಟಿದರೆ ಮನೆಯವರು ಗಲಾಟೆ ಮಾಡ್ತಾರೆ, ನಮಗ್ಯಾಕೆ ಅಂತ ಕೈ ಹಿಂದೆ ತಗೊಂಡೆ." ಅವರು ತಮ್ಮ ಬಲಗೈಯನ್ನು ಸೆರಗಿನೊಳಗೆ ಸೇರಿಸಿಕೊಂಡರು. "ಹದಿನೈದು ದಿನ ಕಳೆದು ಬಸ್ಸಿನವರು ಹೇಳಿದರು, ಮಾಸ್ತರ ಮಗಳು ಹೋಯ್ತು ಅಂತ. ಮಳೆಗಾಲದಲ್ಲಿ ನಾನು ಈ ಜಗಲಿಗೆ ಬರುದಿಲ್ಲ ತಂಗಿ. ಇವರತ್ರ ಕೇಳಿ ಬೇಕಾದರೆ."

"ಒಂದು ಮಾತು ಬಂದು ಹೇಳಬಹುದಿತ್ತಲ್ಲ ನನಗೆ?"

"ಬರಬೇಕು ಅಂತ ಎರಡು ಸಲ ಹೊರಟೆ. ಬಾರದ ಹಾಗೆ ಮಾಡಿದ್ದೂ ಅದೇ ಮಗು." ಅಲೀಮಮ್ಮನ ಸ್ವರ ಸಣ್ಣದಾಯಿತು. "ಹೋಗುವಾಗ ತಿರುಗಿ ನೋಡಿ ಹೇಳಿತು: 'ನಾನು ನಿಮ್ಮ ಸೂರಿನ ಅಡಿ ನಿಂತೆ ಅಂತ ನಮ್ಮ ಅವ್ವನಿಗೆ ಹೇಳಬೇಡಿ.'"

ಕಮಲಾವತಿ ಜಗಲಿಯ ಮೆಟ್ಟಿಲ ಮೇಲೆ ಕೂತಳು. ಆ ಭಾನುವಾರದ ಮೇಲೆ ಮೊದಲ ಸಲ ಅವಳಿಗೆ ಅಳು ಬಂತು. ಅದು ಏಳು ವರ್ಷ ಅತ್ತ ಅಳು ಆಗಿರಲಿಲ್ಲ. ಊರ್ಮಿಳಾ ಅವ್ವನನ್ನು ಹಾಗೆ ಎಂದೂ ನೋಡಿರಲಿಲ್ಲ. ಹೆದರಿ ಅವಳ ಬೆನ್ನ ಮೇಲೆ ಕೈ ಇಟ್ಟಳು.

ಬಹಳ ಹೊತ್ತಿನ ಮೇಲೆ ಕಮಲಾವತಿ ಸೆರಗಿನಲ್ಲಿ ಮುಖ ಒರೆಸಿಕೊಂಡಳು. "ನನಗೆ ಚಾ ಕೊಡ್ತೀರಾ?" ಎಂದು ಕೇಳಿದಳು. "ಇವಳಿಗೂ."

ಚಾ ಬಂತು. ಊರ್ಮಿಳಾ ಊದಿ ಊದಿ ಕುಡಿದಳು. ಕಮಲಾವತಿ ಲೋಟವನ್ನು ತುಟಿಗೆ ತಂದಳು. ಮೊದಲ ಗುಟುಕು ಬಾಯಲ್ಲೇ ನಿಂತಿತು. ಹುಟ್ಟಿದಂದಿನಿಂದ ಕಲಿತ ಗಂಟಲು ಅದನ್ನು ಒಳಗೆ ಬಿಡಲೊಲ್ಲದು. ಕಣ್ಣಲ್ಲಿ ನೀರು ತುಂಬಿತು, ಕೊರಳ ನರ ಎದ್ದಿತು.

"ಆಗದಿದ್ದರೆ ಬಿಡಿ ತಂಗಿ," ಎಂದರು ಅಲೀಮಮ್ಮ. "ನನಗೆ ಬೇಸರ ಇಲ್ಲ."

ಕಮಲಾವತಿ ಬಿಡುವುದಿಲ್ಲವೆಂದು ಕೈ ಆಡಿಸಿದಳು. ಮತ್ತೆ ನುಂಗಿದಳು. ಒಂದೊಂದೇ ಗುಟುಕು, ಔಷಧಿ ಕುಡಿದ ಹಾಗೆ. ಚಾ ತಣ್ಣಗಾಗಿ ಕೆನೆ ಕಟ್ಟಿತು. ಲೋಟ ಖಾಲಿ ಮಾಡಿ ಮಗಳ ಕಡೆ ನೋಡಿದಳು.

"ಇದೇ ಹದಿನೈದನೆಯದ್ದು," ಎಂದಳು. "ಗೊತ್ತಾಯ್ತಲ್ಲ? ಯಾರ ಮನೆಯಾದರೂ ಸರಿ, ಕರೆದರೆ ಒಳಗೆ ಹೋಗುದು. ಕರೆಯದಿದ್ದರೆ ಬಾಗಿಲು ಬಡಿದು ಕೇಳುದು. ನಾಳೆ ಅಪ್ಪನ ಜೊತೆ ಸುಳ್ಯಕ್ಕೆ ಹೋಗಿ ಅರ್ಜಿ ಕೊಡು."

ಊರ್ಮಿಳಾ ತಲೆಯಾಡಿಸಿದಳು. ತಿಂಗಳುಗಟ್ಟಲೆ ಕಾದ ಮಾತು ಅದು. ಬಂದಾಗ ಅವಳಿಗೆ ಕುಣಿಯಬೇಕೆನ್ನಿಸಲಿಲ್ಲ.

"ಎಂದಾದರೂ ಇವಳು ದಾರಿ ತಪ್ಪಿ ಇಲ್ಲಿಗೆ ಬಂದರೆ," ಕಮಲಾವತಿ ಅಲೀಮಮ್ಮನಿಗೆ ಹೇಳಿದಳು, "ಬೇಡ ಅಂದರೂ ಕೈ ಹಿಡಿದು ಎಳ್ಕೊಳ್ಳಿ."

"ಎಳೀತೇನೆ."

ಹೊರಡಲು ಎದ್ದವಳು ಹೊರಡಲಿಲ್ಲ. ಅಂಗಳಕ್ಕಿಳಿದು, ಅಲೀಮಮ್ಮ ತೋರಿಸಿದ ಜಾಗದ ಎದುರು ನಿಂತಳು. ಎರಡು ತಿಂಗಳಿನಿಂದ ಕಣ್ಣು ತಪ್ಪಿಸುತ್ತಿದ್ದವಳು ಈಗ ನೇರ ನೋಡಿದಳು. ಮನೆಯಲ್ಲಿ ಮಗುವನ್ನು ಊಟಕ್ಕೆ ಕರೆಯುವ ಸ್ವರದಲ್ಲೇ ಮಾತಾಡಿದಳು.

"ಸೇವು, ನಿನಗೆ ಹಾಕಿದ ಆಣೆ ನಾನು ತೆಗೆದೆ ಮಗಾ. ಗುಳಿಗ ನೋಡುದಾದರೆ ನನ್ನನ್ನು ನೋಡಲಿ. ಇನ್ನು ಹೊರಗೆ ನಿಲ್ಲಬೇಡ. ಒಳಗೆ ಬಾ."

ಗಾಳಿ ಇರಲಿಲ್ಲ. ಮೇ ತಿಂಗಳ ಬಿಸಿಲು ಅಂಗಳದ ಮೇಲೆ ಹಾಗೇ ಬಿದ್ದಿತ್ತು. ಊರ್ಮಿಳಾ ಅವ್ವನನ್ನು ನೋಡಿದಳು, ಅವ್ವ ನೋಡುತ್ತಿದ್ದ ಕಡೆ ನೋಡಿದಳು. ಅಲ್ಲಿ ಯಾರೂ ಇರಲಿಲ್ಲ.

ಅಲೀಮಮ್ಮ ಏನೂ ಕೇಳದೆ ಒಳಗೆ ಹೋದರು. ಇನ್ನೊಂದು ಲೋಟ ಚಾ ತಂದರು, ತಲೆ ಒರೆಸಲು ಒಂದು ಒಣ ಬೈರಾಸನ್ನೂ ತಂದರು. ಎರಡನ್ನೂ ಜಗಲಿಯ ಅಂಚಿನಲ್ಲಿಟ್ಟು, ಬಲಗೈಯನ್ನು ಆ ಜಾಗದ ಕಡೆಗೆ ಚಾಚಿ ಕೂತರು.